ಓಡಿಸಲು ಹೊರಟವಳಿಗೆ ನಿಲ್ಲಿಸುವ ಚಿಂತೆ

ಬನ್ನಿ, ಕೂತ್ಕೊಳ್ಳಿ. ಕಾಲು ಚಾಚ್ಕೊಂಡೇ ಕೂತ್ಕೊಳ್ಳಿ, ಇಲ್ಲಿ ಯಾರೂ ಏನೂ ಅನ್ನೋದಿಲ್ಲ. ಆ ಮೊಬೈಲು ಸ್ವಲ್ಪ ಮಗುಚಿಡಿ, ಹೇಳ್ತೀನಿ ಕೇಳಿ. ಸರಸ್ವತಿಪುರಂನ ಉಳಿದ ಮನೆಗಳಲ್ಲಿ ಹಾಲು ಉಕ್ಕುತ್ತೆ, ನಲ್ಲಿ ಸೋರುತ್ತೆ, ಅಷ್ಟಕ್ಕೆ ದಿನ ಮುಗಿಯುತ್ತೆ. ನಮ್ಮನೆಯಲ್ಲಿ ಮಾತ್ರ ಇಂಥವು ಒಂದಲ್ಲ ಒಂದು ಆಗ್ತಲೇ ಇರ್ತವೆ. ನಾವೇನೂ ಕರೆಯೋದಿಲ್ಲ, ಅವೇ ವಿಳಾಸ ವಿಚಾರಿಸ್ಕೊಂಡು ಬರ್ತವೆ. ಹೋದ ವರ್ಷ ಹಾಗೆ ಬಂದದ್ದು ಕಾರಿನ ಬ್ರೇಕ್ ಪ್ಯಾಡು.

ಎಲ್ಲಿಗೂ ಹೋಗದ ರಸ್ತೆ

ನನ್ನ ಸೊಸೆ ಟ್ಯುಟೋರಿಯಲ್‌ನಲ್ಲಿ ಫಿಸಿಕ್ಸ್ ಪಾಠ ಹೇಳ್ತಾಳೆ. ಕಾರು ಓಡಿಸೋದು ಅಂದ್ರೆ ಅವಳಿಗೆ ಹಬ್ಬ. ನನ್ನ ಮಗನಿಗೆ ಪಾತ್ರೆ ಅಂಗಡಿ, ಅವನಿಗೆ ಕಾರು ಅಂದ್ರೆ ಎದೆ ಡವಡವ. ಮನೆಗಿರೋದು ಒಂದೇ ಕಾರು. ಅದರಲ್ಲೇ ಅವಳು ಕೆಲಸಕ್ಕೆ ಹೋಗಬೇಕು, ಅದರಲ್ಲೇ ಅಂಗಡಿಯ ಕುಕ್ಕರು ಬರಬೇಕು, ಅದರಲ್ಲೇ ನಾನು ಮಂಡಿ ತೋರಿಸೋಕೆ ಆಸ್ಪತ್ರೆಗೆ ಹೋಗಬೇಕು.

ಒಂದು ದಿನ ಊಟಕ್ಕೆ ಕೂತಾಗ ಅವಳು, "ಅತ್ತೆ, ಬರೀ ಕಾರು ಓಡಿಸೋಕೆ ಅಂತಲೇ ಕಟ್ಟಿರೋ ಟ್ರ್ಯಾಕ್ ಒಂದಿದೆ. ದಿನವಿಡೀ ನಮ್ಮ ಕಾರನ್ನೇ ಅಲ್ಲಿ ಎಷ್ಟು ಜೋರಾಗಿ ಬೇಕಾದ್ರೂ ಓಡಿಸಬಹುದು. ನಾನು ಹೆಸರು ಕೊಟ್ಟಿದ್ದೀನಿ" ಅಂದಳು.

"ಆ ರಸ್ತೆ ಎಲ್ಲಿಗೆ ಹೋಗುತ್ತಮ್ಮ?" ಅಂದೆ.

"ಎಲ್ಲಿಗೂ ಹೋಗಲ್ಲ ಅತ್ತೆ. ಸುತ್ತಿ ಬಂದು ಹೊರಟಲ್ಲಿಗೇ ಸೇರುತ್ತೆ."

"ಪ್ರದಕ್ಷಿಣೆ ಅನ್ನು. ಮಧ್ಯದಲ್ಲಿ ಯಾವ ದೇವರು?"

"ದೇವರಿಲ್ಲ ಅತ್ತೆ, ಹುಲ್ಲಿದೆ."

"ಹುಲ್ಲಿಗೆ ಪ್ರದಕ್ಷಿಣೆ ಹಾಕೋಕೆ ಅಷ್ಟು ಆತುರ ಯಾಕೆ?" ಅಂದರು ನಮ್ಮ ಯಜಮಾನರು.

ಮಗ ಅನ್ನ ಕಲಸ್ತಾ ಇದ್ದ ಕೈ ನಿಲ್ಲಿಸಿದ. "ಓಡೋ ವಿಷಯ ನಾನು ಕೇಳಲ್ಲ. ನಿಲ್ಲೋ ವಿಷಯ ಹೇಳು. ಬ್ರೇಕಿನ ಮೇಲೆ ನನಗೆ ನಂಬಿಕೆ ಬರೋವರೆಗೂ ಈ ಕಾರು ಆ ಟ್ರ್ಯಾಕಿಗೆ ಹೋಗಲ್ಲ."

"ಸರಿ ರೀ, ಬರಿಸ್ತೀನಿ" ಅಂದಳು ಸೊಸೆ. ಮುಖ ಮಾತ್ರ ಚಿಕ್ಕದಾಯ್ತು. ಮದುವೆಯಾಗಿ ಬಂದಾಗಿನಿಂದ ಅವಳು ತನಗೆ ಬೇಕು ಅಂತ ಬಾಯಿಬಿಟ್ಟು ಕೇಳಿದ್ದು ಇದೊಂದೇ.

ಅವನಿಗೆ ನಂಬಿಕೆ ಬರಿಸೋದು ಸುಲಭವಲ್ಲ ಅಂತ ನನಗೂ ಗೊತ್ತು. ಅವನು ಪಕ್ಕದ ಸೀಟಲ್ಲಿ ಕೂತ್ರೂ ದಾರಿಯುದ್ದಕ್ಕೂ ಕಾಲಲ್ಲಿ ಬ್ರೇಕ್ ಒತ್ತುತ್ತಾ ಇರ್ತಾನೆ. ಓಡಿಸೋ ಅವಳ ಕಾಲಡಿಯ ಮ್ಯಾಟು ಹೊಸದರ ಹಾಗಿದೆ, ಸುಮ್ಮನೆ ಕೂರೋ ಇವನದು ತೂತಾಗಿದೆ.

ಕಾದ ಮೇಲೆ ಹಿಡಿಯೋದು

ಮಂಡಿ ತೋರಿಸ್ಕೊಂಡು ಬರೋ ದಾರಿಯಲ್ಲಿ ಸೊಸೆ ಅಶೋಕಪುರಂ ಕಡೆ ಒಂದು ಅಂಗಡಿಗೆ ಕರ್ಕೊಂಡು ಹೋದಳು. ಸ್ಪೇರ್ ಪಾರ್ಟ್ಸೂ ಮಾರ್ತಾರೆ, ಹಿಂದುಗಡೆ ಗ್ಯಾರೇಜೂ ಇದೆ. ಟ್ರ್ಯಾಕು ಅಂದ ತಕ್ಷಣ ಅಂಗಡಿಯವರು ನನ್ನ ಕಡೆ ತಿರುಗಿ, "ಮಗ ಓಡುಸ್ತಾರಾ ಅಮ್ಮ?" ಅಂದರು.

"ಮಗ ಕುಕ್ಕರ್ ಮಾರ್ತಾನೆ ಕಣಪ್ಪ. ಓಡಿಸೋಳು ಇವಳು" ಅಂದೆ.

ಅವರು ಒಂದು ಸ್ಟೂಲು ಹಾಕಿ ಮೂರು ಡಬ್ಬ ತಂದು ಮುಂದಿಟ್ಟರು. ಬಿಚ್ಚಿ ನೋಡಿದರೆ ಮೂರರಲ್ಲೂ ಒಂದೇ ಥರ, ಅಂಗೈಯಷ್ಟು ಬಿಲ್ಲೆ. ಚಕ್ರದೊಳಗಿನ ಕಬ್ಬಿಣದ ತಟ್ಟೆಯನ್ನ ಎರಡೂ ಕಡೆಯಿಂದ ಅವು ಅಮುಕಿದಾಗ ಕಾರು ನಿಲ್ಲುತ್ತಂತೆ. ಮೊದಲನೇದು ಕಾರಿನ ಜೊತೆಗೇ ಬರೋದು. ಊರೊಳಗೆ ಬಂಗಾರ, ಆದರೆ ಟ್ರ್ಯಾಕಿನಲ್ಲಿ ಮೇಲಿಂದ ಮೇಲೆ ಒತ್ತಿದರೆ ಕಾದು ಹಿಡಿತ ಬಿಡುತ್ತೆ. ಎರಡನೇದು ರೇಸಿನವರದು. ಎಷ್ಟು ಕಾದರೂ ಜಗ್ಗೋದಿಲ್ಲ, ಆದರೆ ತಣ್ಣಗಿದ್ದಾಗ ಸರಿಯಾಗಿ ಹಿಡಿಯೋದಿಲ್ಲ, ಜೊತೆಗೆ ಕಿರುಚುತ್ತೆ. ಮೂರನೇದು ಎರಡರ ನಡುವಿನದು. ಮನೆಗೂ ಆಗುತ್ತೆ, ಟ್ರ್ಯಾಕಿಗೂ ಆಗುತ್ತೆ.

"ಎರಡನೇದು ನಮ್ಮ ಯಜಮಾನರ ಹಾಗೆ" ಅಂದೆ. "ಕಾಫಿ ಬಿಸಿ ಹೊಟ್ಟೆಗೆ ಬೀಳೋವರೆಗೂ ಒಂದು ಕೆಲಸಕ್ಕೂ ಇಲ್ಲ, ಬರೀ ಕೂಗಾಟ."

ಸೊಸೆಯ ಕೈ ಮೂರನೇ ಡಬ್ಬದ ಮೇಲೇ ಇತ್ತು. ಅಷ್ಟರಲ್ಲಿ ಅವಳ ಜೊತೆ ಕೆಲಸ ಮಾಡೋ ಕೆಮಿಸ್ಟ್ರಿ ಮೇಷ್ಟ್ರ ಫೋನು ಬಂತು, ಸೊಸೆ ವಿಷಯ ಹೇಳಿದಳು. "ಏನ್ ಮೇಡಂ ನೀವು! ಟ್ರ್ಯಾಕಿಗೆ ಹೋಗೋರು ರೇಸಿಂದೇ ಹಾಕಿಸ್ಬೇಕು. ಮದುವೆಗೆ ಹೋಗೋರು ಮನೇಲುಡೋ ಸೀರೇಲಿ ಹೋಗ್ತಾರಾ?" ಅಂತ ಗದರಿಸಿದರು. ಕೈ ಎರಡನೇ ಡಬ್ಬಕ್ಕೆ ಸರಿಯಿತು.

ಹೊರಗೆ ಬಂದ ಮೇಲೆ ಕೇಳಿದೆ, "ಆ ಮೇಷ್ಟ್ರು ಬಹಳ ಸಲ ಟ್ರ್ಯಾಕಿಗೆ ಹೋಗಿದ್ದಾರೇನಮ್ಮ?"

"ಇಲ್ಲ ಅತ್ತೆ. ಅವರ ಹತ್ರ ಇರೋದು ಸ್ಕೂಟರು."

ಬೀದಿಗೆ ಬಂದ ನಾದಸ್ವರ

ರೇಸಿನ ಪ್ಯಾಡು ಹಾಕಿಸಿಕೊಂಡು ಬಂದ ದಿನದಿಂದ ನಮ್ಮ ಕಾರು ನಿಲ್ಲೋವಾಗೆಲ್ಲ ಕಿರುಚೋಕೆ ಶುರುಮಾಡಿತು. ಎಂಥ ಕಿರುಚು ಅಂತೀರಿ, ನಾದಸ್ವರ ಕಲಿಯೋ ಹುಡುಗ ಮೊದಲನೇ ದಿನ ಊದಿದ ಹಾಗೆ. ಅವಳು ಬೀದಿ ತಿರುವಿಗೆ ಬಂದಳು ಅಂದ್ರೆ ನಾನು ಒಳಗಿದ್ದೇ ಕಾಫಿಗೆ ಇಡಬಹುದಿತ್ತು. ತಿರುವಿನ ಮನೆಯ ರಿಟೈರ್ಡ್ ಹೆಡ್‌ಮಾಸ್ಟರು ಮಧ್ಯಾಹ್ನದ ನಿದ್ದೆ ಬಿಟ್ಟರು. ಅವರ ಹೆಂಡತಿ ಮಾತ್ರ, "ಇರ್ಲಿ ಬಿಡಿ, ಇವರ ಗೊರಕೆಗಿಂತ ವಾಸಿ" ಅಂದರು.

ಚಳಿಯ ಬೆಳಗಿನಲ್ಲಿ ಇನ್ನೊಂದು ತಮಾಷೆ. ಮೊದಲ ಸಲ ಒತ್ತಿದಾಗ ಕಾರು ನಿಲ್ಲೋದೋ ಬೇಡವೋ ಅಂತ ಸ್ವಲ್ಪ ಯೋಚನೆ ಮಾಡುತ್ತೆ. ಹಾಗೆ ಯೋಚನೆ ಮಾಡ್ತಾ ಮಾಡ್ತಾ ಒಂದು ದಿನ ತರಕಾರಿ ಗಾಡಿಯವರೆಗೂ ಹೋಗಿ, ಗಾಡಿಯಿಂದ ಇಳಿಬಿದ್ದಿದ್ದ ನುಗ್ಗೇಕಾಯಿಗೆ ಮೂತಿ ತಾಗಿಸಿ, ಆಮೇಲೆ ನಿಂತಿತು. ನಿಂತ ಮೇಲೆ ಒಂದು ಸಲ ಕಿರುಚಿತು ಕೂಡ.

ತರಕಾರಿಯವನು ನುಗ್ಗೇಕಾಯಿ ಸರಿಮಾಡ್ಕೊಳ್ತಾ ಹೇಳಿದ, "ಅವ್ವಾ, ಬೇರೇರು ಹಾರನ್ ಹೊಡುದ್ರೆ ಎದುರುಗಿದ್ದೋರು ಸರೀತಾರೆ. ನಿಮ್ ಸೊಸೆ ಬ್ರೇಕ್ ಹೊಡುದ್ರೆ ಇಡೀ ಬೀದೀನೇ ಸರ್ಕಂಬುಡ್ತದೆ."

ಅವತ್ತೇ ಸಂಜೆ ಸೊಸೆ ಅಂಗಡಿಗೆ ಹೋಗಿ ಮೂರನೇ ಡಬ್ಬದ್ದನ್ನೇ ಹಾಕಿಸಿಕೊಂಡು ಬಂದಳು. "ದಿನಾ ಓಡಿಸೋ ಕಾರಿಗೆ ಇದೇ ಸರಿ ಅತ್ತೆ. ಮೊದಲೇ ಗೊತ್ತಿತ್ತು" ಅಂದಳು. ಮೊದಲೇ ಗೊತ್ತಿದ್ದದ್ದನ್ನ ಕೊನೆಗೆ ಮಾಡೋದು ನಮ್ಮನೆ ಪದ್ಧತಿ.

ಮಂಡಕಳ್ಳಿ ರಸ್ತೆ

ಹೊಸ ಪ್ಯಾಡನ್ನ ಹಾಗೇ ಟ್ರ್ಯಾಕಿಗೆ ಇಳಿಸಬಾರದಂತೆ. ಖಾಲಿ ರಸ್ತೆಯಲ್ಲಿ ಜೋರಾಗಿ ಹೋಗೋದು, ಬ್ರೇಕ್ ಒತ್ತಿ ನಿಧಾನ ಮಾಡೋದು, ಮತ್ತೆ ಜೋರು, ಮತ್ತೆ ನಿಧಾನ. ಹೀಗೆ ಚೆನ್ನಾಗಿ ಕಾಸಿ, ಆಮೇಲೆ ಆರೋಕೆ ಬಿಡಬೇಕಂತೆ. "ಯಾಕಮ್ಮ?" ಅಂದೆ. ಅವಳು ಪಾಠ ಹೇಳೋಳಲ್ಲವೇ, ಉದಾಹರಣೆ ಕೊಡದೆ ಇರೋಳಲ್ಲ. "ಹೊಸ ದೋಸೆ ಕಾವಲಿ ಪಳಗಿಸ್ತಾರಲ್ಲ ಅತ್ತೆ, ಹಾಗೇ ಇದು" ಅಂದಳು. ನನಗೆ ಥಟ್ಟನೆ ಅರ್ಥವಾಯ್ತು.

ಪಕ್ಕದಲ್ಲಿ ಪೇಪರ್ ಓದ್ತಾ ಇದ್ದ ಯಜಮಾನರು ಕನ್ನಡಕ ತೆಗೆದರು. ನಮ್ಮನೆಯಲ್ಲಿ ಭಾನುವಾರದ ದೋಸೆ ಅವರದೇ ಕೈಯಿಂದ ಆಗಬೇಕು. ಆ ಕಾವಲಿ ಮುಟ್ಟೋಕೆ ನನಗೂ ಹಕ್ಕಿಲ್ಲ. "ಬರೀ ಕಾಸಿದರೆ ಕಾವಲಿ ಪಳಗುತ್ತಾ?" ಅಂದರು. ಸೊಸೆಗೆ ಅದು ಕೇಳಿಸಲಿಲ್ಲ, ಕಾರಿನ ಕೀಲಿ ಹುಡುಕ್ತಾ ಇದ್ದಳು.

ಬೆಳಗ್ಗೆ ಮಂಡಕಳ್ಳಿ ದಾಟಿ ಖಾಲಿ ರಸ್ತೆಗೆ ಹೋದೆವು. ಅವಳು ಬ್ರೇಕ್ ಒತ್ತಿದಾಗಲೆಲ್ಲ ನಾನು ಸೀಟಿನಿಂದ ಮುಂದಕ್ಕೆ ಬಂದು "ಶಿವಶಿವಾ" ಅನ್ನೋದು, ಅವಳು ಮತ್ತೆ ಜೋರು ಮಾಡೋದು. ಅಷ್ಟರಲ್ಲಿ ಪೊಲೀಸ್ ಜೀಪು ಅಡ್ಡ ಬಂತು.

"ಏನಮ್ಮ ಇದು? ಮುಂದೆ ಒಂದು ಹಸು ಇಲ್ಲ, ಹಂಪ್ ಇಲ್ಲ. ಯಾಕೆ ಬ್ರೇಕ್ ಹಾಕ್ತಾ ಇದೀರಿ?"

ಸೊಸೆ ಇಳಿದು ಎಲ್ಲ ವಿವರಿಸಿದಳು. ಬಿಸಿ, ಘರ್ಷಣೆ, ಕಾವಲಿ, ಒಂದೂ ಬಿಡಲಿಲ್ಲ. ಪೊಲೀಸಿನವರು ತಾಳ್ಮೆಯಿಂದ ಕೇಳಿ, ಬಗ್ಗಿ ಚಕ್ರ ನೋಡಿ, ಸ್ಪೀಡೆಷ್ಟು ಅಂತ ವಿಚಾರಿಸಿ, ಕೊನೆಗೆ ಟೋಪಿ ತೆಗೆದು ತಲೆ ಕೆರ್ಕೊಂಡರು.

"ನೋಡಿ ಮೇಡಂ, ಬ್ರೇಕ್ ಹಾಕದೆ ಇರೋರನ್ನ ಹಿಡಿಯೋದು ನನ್ನ ಕೆಲಸ. ಈ ಊರಲ್ಲಿ ಬ್ರೇಕ್ ಹಾಕೋರು ಸಿಕ್ಕಿದ್ದು ಇದೇ ಮೊದಲು. ಹೋಗ್ಬನ್ನಿ ತಾಯಿ."

ಅರ್ಧ ಈರುಳ್ಳಿ

ಶನಿವಾರ ಮಧ್ಯಾಹ್ನ ಹೊರಡಬೇಕು, ಭಾನುವಾರ ಟ್ರ್ಯಾಕು. ಮಗ ಇನ್ನೂ ಹೂಂ ಅಂದಿರಲಿಲ್ಲ. "ಬೆಳಗ್ಗೆ ಪಕ್ಕದಲ್ಲಿ ಕೂತು ಒಂದು ಸುತ್ತು ನೋಡ್ತೀನಿ. ಆಮೇಲೇ ಮಾತು" ಅಂದಿದ್ದ. ಶುಕ್ರವಾರ ರಾತ್ರಿ ಸೊಸೆ ಸರಿಯಾಗಿ ಊಟ ಮಾಡಲಿಲ್ಲ. ಯಜಮಾನರು ಅದನ್ನ ಸುಮ್ಮನೆ ನೋಡ್ತಾ ಇದ್ದರು. ಸೊಸೆ ಅಂದ್ರೆ ಅವರಿಗೆ ಮಗನಿಗಿಂತ ಒಂದು ತೂಕ ಹೆಚ್ಚು.

ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಕಾರು ಹತ್ತಿದರು. ನಮ್ಮ ಬೀದಿ ಸ್ವಲ್ಪ ಇಳಿಜಾರು. ಹೆಡ್‌ಮಾಸ್ಟರ ಕಾಂಪೌಂಡು ಬರೋ ಹೊತ್ತಿಗೆ ತಿರುವು. ನಾನು ಬಾಗಿಲಲ್ಲಿ ನಿಂತು ನೋಡ್ತಾ ಇದ್ದೆ. ಕಾರು ಹೊರಟಿತು, ಇಳಿಯಿತು, ತಿರುವಿನ ಹತ್ತಿರ ಹಿಂದಿನ ಕೆಂಪು ದೀಪ ಹತ್ತಿತು. ದೀಪ ಹತ್ತಿದರೂ ಕಾರು ಹೋಗ್ತಲೇ ಇತ್ತು. ಒಳಗಿಂದ ಮಗ "ಅಯ್ಯಯ್ಯೋ" ಅಂದದ್ದು ಬೀದಿಗೆಲ್ಲ ಕೇಳಿಸಿತು. ಆಮೇಲೆ ಎಂಜಿನ್ನು ಗುರ್ ಅಂತು. ಅವಳು ಗೇರು ಇಳಿಸಿ, ಹ್ಯಾಂಡ್ ಬ್ರೇಕು ಎಳೆದಳಂತೆ. ಕಾರು ಕಾಂಪೌಂಡಿಗೆ ಒಂದು ಗೇಣು ಬಾಕಿ ಇರೋವಾಗ ನಿಂತಿತು.

ನಾನು ಮಂಡಿ ಮರೆತು ಓಡಿದೆ. ಯಾರಿಗೂ ಏನೂ ಆಗಿರಲಿಲ್ಲ. ಮುಂದಿನ ಚಕ್ರಗಳಿಂದ ಸಣ್ಣಗೆ ಹೊಗೆ, ಹೊಗೆಯ ಜೊತೆ ಘಮ ಅನ್ನೋ ವಾಸನೆ. ಹೆಡ್‌ಮಾಸ್ಟರ ಹೆಂಡತಿ ಗೇಟು ತೆಗೆದು ಮೂಗರಳಿಸಿ, "ಏನ್ರೀ, ಇಷ್ಟು ಬೇಗ ಈರುಳ್ಳಿ ದೋಸೆನಾ?" ಅಂದರು.

ಎಲ್ಲರೂ ನಮ್ಮ ಗೇಟಿನ ಕಡೆ ತಿರುಗಿದೆವು. ಯಜಮಾನರು ನಿಂತಿದ್ದರು. ಒಂದು ಕೈಯಲ್ಲಿ ಎಣ್ಣೆ ಗಿಂಡಿ, ಇನ್ನೊಂದರಲ್ಲಿ ಫೋರ್ಕಿಗೆ ಚುಚ್ಚಿದ ಅರ್ಧ ಈರುಳ್ಳಿ. ಮುಖದ ತುಂಬ ಆಸೆ.

"ಪಳಗಿತೇನಮ್ಮ?" ಅಂದರು ಸೊಸೆಗೆ.

ಚಕ್ರದ ಸಂದಿಯಿಂದ ಕೈ ತೂರಿಸಿ, ಎರಡೂ ತಟ್ಟೆಗೆ ಕಡಲೆಕಾಯಿ ಎಣ್ಣೆ ಸವರಿ, ಈರುಳ್ಳಿಯಲ್ಲಿ ನೀಟಾಗಿ ಉಜ್ಜಿದ್ದರು. ಅವಳು ಪಾಸಾಗಲಿ ಅಂತ.

ಸೊಸೆ ನಗಬೇಕೋ ಅಳಬೇಕೋ ತಿಳಿಯದೆ ಫುಟ್‌ಪಾತಿನ ಮೇಲೆ ಕೂತಳು. ಟ್ರ್ಯಾಕು ಮುಗೀತು ಅಂತಲೇ ನಾನೂ ಅಂದುಕೊಂಡೆ. ಮಗ ಮನೆಗೆ ಹೋಗಿ, ಒಂದು ಚೊಂಬು ನೀರು ಕುಡಿದು, ವಾಪಸ್ಸು ಬಂದ.

"ಅಪ್ಪ ಬ್ರೇಕೇ ಇಲ್ಲದ ಹಾಗೆ ಮಾಡಿದ್ರು. ಆದ್ರೂ ನಿಲ್ಲಿಸಿದೆ ನೀನು" ಅಂದ. "ಇನ್ನು ಬ್ರೇಕ್ ಇದ್ರೆ ನನಗೇನು ಭಯ? ಏಳು, ಪ್ಯಾಡಿನ ಅಂಗಡಿ ಬಾಗಿಲು ತೆಗೆದಿರ್ತಾರೆ."

ಯಾರ‍್ಯಾರು ಏನಾದರು ಅಂದರೆ

ಕಾರನ್ನ ಗ್ಯಾರೇಜಿಗೆ ಎಳೆಸಿಕೊಂಡು ಹೋದರು. ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬರೋದಿಲ್ಲವಂತೆ. ತಟ್ಟೆ ತೊಳೆದು, ಹೊಸ ಜೊತೆ ಹಾಕಿ, ಹೋಗೋ ದಾರಿಯಲ್ಲೇ ಪಳಗಿಸಿಕೊಂಡು ಹೋದರು. ಭಾನುವಾರ ಸೊಸೆ ಬೆಳಗಿಂದ ಸಂಜೆವರೆಗೆ ಹುಲ್ಲಿಗೆ ಪ್ರದಕ್ಷಿಣೆ ಹಾಕಿದಳು. "ಎಲ್ಲರೂ ನನ್ನ ದಾಟ್ಕೊಂಡು ಹೋದ್ರು ಅತ್ತೆ" ಅಂತ ಫೋನಿನಲ್ಲಿ ಹೇಳೋವಾಗ ಅವಳ ದನಿ ಎಲ್ಲರಿಗಿಂತ ಮುಂದೆ ಬಂದೋಳ ದನಿಯ ಹಾಗಿತ್ತು. ಈ ವರ್ಷವೂ ಹೆಸರು ಕೊಟ್ಟಿದ್ದಾಳೆ. ಟ್ಯುಟೋರಿಯಲ್‌ನಲ್ಲಿ ಉದಾಹರಣೆ ಕೊಡೋದು ಕಮ್ಮಿ ಮಾಡಿದ್ದಾಳೆ.

ಮಗ ಈಗ ಬ್ರೇಕಿನ ಪಂಡಿತ. ಕುಕ್ಕರ್ ಕೊಳ್ಳೋಕೆ ಬಂದವರು ಪ್ಯಾಡಿನ ಮೂರು ಜಾತಿ ತಿಳ್ಕೊಂಡು, ಕುಕ್ಕರ್ ಮರೆತು ಹೋಗ್ತಾರೆ.

ಕೆಮಿಸ್ಟ್ರಿ ಮೇಷ್ಟ್ರು ಕಾರು ತಗೊಂಡರು. ಎರಡನೇ ಗೇರಿನ ಮೇಲಕ್ಕೆ ಅವರು ಹೋದದ್ದನ್ನ ಕಂಡವರಿಲ್ಲ.

ಹೆಡ್‌ಮಾಸ್ಟರು ಕಾಂಪೌಂಡಿನ ಮುಂದೆ ಎರಡು ದಪ್ಪ ಕಲ್ಲು ನೆಡಿಸಿದ್ದಾರೆ. ಅವುಗಳ ಮೇಲೆ ಈಗ ಸಂಜೆ ಹೊತ್ತು ಇಬ್ಬರು ಕೂತು ಮಾತಾಡಬಹುದು, ನಾನೂ ಅವರ ಹೆಂಡತಿಯೂ ಕೂರ್ತೀವಿ.

ಅಂಗಡಿಯವರು ಬ್ರೇಕ್ ಪ್ಯಾಡು ಮಾರೋವಾಗ ಈಗ ಮನೆಯಲ್ಲಿ ಹಿರಿಯರು ಇದ್ದಾರಾ ಅಂತ ಮೊದಲು ಕೇಳ್ತಾರಂತೆ.

ಯಜಮಾನರು ಚೆನ್ನಾಗಿದ್ದಾರೆ. ಎಲ್ಲರೂ ಅವರನ್ನ ಕೂರಿಸಿಕೊಂಡು ಬಿಡಿಸಿ ಹೇಳಿದ್ದಾಯ್ತು, ಸೊಸೆ ಚಿತ್ರ ಬರೆದು ತೋರಿಸಿದ್ದಾಯ್ತು. ಎಲ್ಲಕ್ಕೂ ತಲೆಯಾಡಿಸ್ತಾರೆ. ಆಮೇಲೆ ನಾನೊಬ್ಬಳೇ ಇರೋವಾಗ ಹತ್ತಿರ ಬಂದು ಮೆಲ್ಲಗೆ ಹೇಳ್ತಾರೆ, "ಅದೆಲ್ಲ ಸರಿ ಕಣೇ. ಎಣ್ಣೆ ಸ್ವಲ್ಪ ಕಮ್ಮಿಯಾಯ್ತು."