ಇನ್ನೂರ ಹನ್ನೆರಡನೇ ಮೆಟ್ಟಿಲಿನ ಶಿಖರ

ಈ ನಾಡಿನ ಯಾವ ಬೆಟ್ಟವೂ ಎತ್ತರ ದಾಖಲೆ ಕಚೇರಿಯ ಒಪ್ಪಿಗೆಯಿಲ್ಲದೆ ಎತ್ತರವಾಗಿರತಕ್ಕದ್ದಲ್ಲ. ಬೆಟ್ಟ ಎಲ್ಲಿ ಶುರುವಾಗುತ್ತದೆ, ಎಲ್ಲಿ ಮುಗಿಯುತ್ತದೆ, ಅದರ ಮೇಲಿನ ಕಟ್ಟಡದ ಬಾಗಿಲು ಎಷ್ಟನೇ ಮೆಟ್ಟಿಲಲ್ಲಿದೆ ಎಂಬುದನ್ನೆಲ್ಲ ಕಚೇರಿಯ ದಪ್ಪ ರಿಜಿಸ್ಟರಿನಲ್ಲಿ ಬರೆದಿಡಲಾಗುತ್ತದೆ. ರಿಜಿಸ್ಟರಿಗೂ ಬೆಟ್ಟಕ್ಕೂ ವ್ಯತ್ಯಾಸ ಕಂಡುಬಂದಲ್ಲಿ ಬೆಟ್ಟಕ್ಕೆ ನೋಟಿಸು ಹೋಗುತ್ತದೆ.

ಎತ್ತರದ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟಾದ ಕಚೇರಿ ತನ್ನೊಳಗೆ ಸಡಿಲವಾಗಿದ್ದರೆ ಚೆನ್ನಾಗಿರುವುದಿಲ್ಲವೆಂದು ಒಂಬತ್ತನೇ ನಿಯಮವಿದೆ: ಕರ್ತವ್ಯದ ವೇಳೆಯಲ್ಲಿ ಯಾವ ನೌಕರರೂ ನಿರ್ದೇಶಕರಿಗಿಂತ ಎತ್ತರದಲ್ಲಿ ನಿಲ್ಲುವುದಾಗಲಿ, ಕೂರುವುದಾಗಲಿ, ನೇತಾಡುವುದಾಗಲಿ ಮಾಡತಕ್ಕದ್ದಲ್ಲ. ನಿರ್ದೇಶಕರ ಕೋಣೆ ಮೂರನೇ ಮಹಡಿಯಲ್ಲಿರುವುದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಅವರು ಅತಿಥಿಗಳನ್ನು ಬೀಳ್ಕೊಡಲು ಕೆಳಗಿಳಿದಾಗ ಮಾತ್ರ ಗಂಟೆ ಹೊಡೆಯುತ್ತದೆ, ನಲವತ್ತೆರಡು ಮಂದಿ ಚಹಾದ ಲೋಟ ಹಿಡಿದುಕೊಂಡೇ ನೆಲಮಾಳಿಗೆಗೆ ಓಡುತ್ತಾರೆ. ಅತಿಥಿಗಳು ಕಚೇರಿಯ ಪ್ರಶಾಂತ ವಾತಾವರಣವನ್ನು ಹೊಗಳಿ ಹೋಗುತ್ತಾರೆ.

ಟಪಾಲು ವಿಭಾಗದಲ್ಲಿರುವುದು ಒಬ್ಬರೇ. ಅವರನ್ನು ಎಲ್ಲರೂ ಟಪಾಲಮ್ಮ ಎನ್ನುತ್ತಾರೆ. ಅವರ ಅಕ್ಕ ಮೂವತ್ತೊಂದು ವರ್ಷದ ಹಿಂದೆ ಬೆಟ್ಟದ ಮೇಲಿನ ಸನ್ಯಾಸಿನಿಯರ ಮಠ ಸೇರಿದ್ದಳು. ಅದು ಆರುನೂರು ವರ್ಷದ ಮಠ. ಸಾವಿರದ ನೂರ ನಲವತ್ತು ಮೆಟ್ಟಿಲು ಹತ್ತಿದ ಯಾತ್ರಿಕರು ಅದರ ಬಾಗಿಲಿಗೆ ಹಣೆ ಮುಟ್ಟಿಸಿ ಇಳಿಯುತ್ತಾರೆ. ಒಳಗಿನವರು ಬಾಗಿಲು ದಾಟುವಂತಿಲ್ಲ. ನೆಂಟರು ಬಂದು ಬಾಗಿಲಾಚೆ ನಿಂತು ಮಾತಾಡಲು ವರ್ಷಕ್ಕೊಂದು ಬುಧವಾರ, ಸಂಜೆ ನಾಲ್ಕರವರೆಗೆ, ಅವಕಾಶವುಂಟು.

ಆ ಬುಧವಾರಕ್ಕಾಗಿ ಟಪಾಲಮ್ಮ ಮೂವತ್ತು ಸಲ ರಜೆ ಕೇಳಿದ್ದರು. ಮೂವತ್ತು ಸಲವೂ ಮಂಜೂರಾಗಿತ್ತು. ಆದರೆ ಮಂಜೂರಾತಿ ಪತ್ರವನ್ನು ಟಪಾಲು ವಿಭಾಗವೇ ರವಾನಿಸಬೇಕು, ತನ್ನ ಪತ್ರವನ್ನು ತಾನೇ ರವಾನಿಸಿಕೊಳ್ಳುವುದು ಸ್ವಜನಪಕ್ಷಪಾತವಾಗುತ್ತದೆ. ಹೀಗಾಗಿ ಮೂವತ್ತೂ ಪತ್ರಗಳು ಅವರ ಮೇಜಿನ ಮೇಲೆಯೇ ಒಂದರ ಮೇಲೊಂದು ಕೂತಿದ್ದವು.

ಈ ವರ್ಷ ಅಕ್ಕನ ಕಾಗದ ಬಂತು. ಅಕ್ಷರಗಳು ಸಾಲು ಬಿಟ್ಟು ಕೆಳಗಿಳಿದಿದ್ದವು. "ಕಣ್ಣಿಗೆ ಪೊರೆ ಬಂದಿದೆ ಕಣೇ. ಡಾಕ್ಟರು ಪೇಟೇಲಿದ್ದಾರೆ, ನಾನು ಬಾಗಿಲು ದಾಟೋ ಹಾಗಿಲ್ಲ. ಕಣ್ಣು ಪೂರ್ತಿ ಹೋಗೋ ಮುಂಚೆ ಒಂದು ಸಲ ಮುಖ ತೋರಿಸಿ ಹೋಗು." ಟಪಾಲಮ್ಮ ಉಗ್ರಾಣದ ಬಾಗಿಲು ಹಾಕಿಕೊಂಡು ಮನಸಾರೆ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು ಕಾಗದವನ್ನು ಒಳಬಂದ ಪತ್ರಗಳ ಪುಸ್ತಕದಲ್ಲಿ ನಮೂದಿಸಿದರು.

ಅದೇ ವಾರ ನಿರ್ದೇಶಕರು ಇಡೀ ಕಚೇರಿ ಬೆಟ್ಟದ ಮಠಕ್ಕೆ ಒಂದು ದಿನದ ಕರ್ತವ್ಯ ಪ್ರವಾಸ ಹೋಗತಕ್ಕದ್ದೆಂದು ಆದೇಶಿಸಿದರು. ಕರ್ತವ್ಯದ ಮೇಲೆ ಶಿಖರ ಮುಟ್ಟಿದವರಿಗೆ ಶಿಖರ ಪದಕ ಸಿಗುತ್ತದೆ. ನಿರ್ದೇಶಕರು ಕೋಟಿನ ಎಡಗಡೆ ಅದಕ್ಕೆಂದು ಜಾಗ ಬಿಟ್ಟು ಏಳು ವರ್ಷವಾಗಿತ್ತು. ಸುತ್ತೋಲೆಯಲ್ಲಿ ದಿನಾಂಕದ ಜಾಗ ಖಾಲಿ ಇತ್ತು. ಅದನ್ನು ತುಂಬಿದವರು ಟಪಾಲಮ್ಮ. ಬರೆದದ್ದು ಆ ಬುಧವಾರದ ದಿನಾಂಕ.

ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಹತ್ತುವುದು ಶುರುವಾಯಿತು. ಮುಂದೆ ನಿರ್ದೇಶಕರು, ಒಂದು ಮೆಟ್ಟಿಲು ಕೆಳಗೆ ಉಳಿದವರು. ಅವರು ನಿಂತರೆ ಎಲ್ಲರೂ ನಿಲ್ಲಬೇಕು, ಅವರು ಏದುಸಿರು ಬಿಟ್ಟರೆ ಎಲ್ಲರೂ ಗೌರವದಿಂದ ಏದುಸಿರು ಬಿಡಬೇಕು. ಇನ್ನೂರ ಹನ್ನೆರಡನೇ ಮೆಟ್ಟಿಲಿನಲ್ಲಿ ನಿರ್ದೇಶಕರು ಹಿಂತಿರುಗಿ ಕೆಳಗೆ ನೋಡಿದರು. ಹತ್ತೊಂಬತ್ತು ವರ್ಷ ಎತ್ತರಗಳನ್ನು ಕಾಗದದ ಮೇಲಷ್ಟೇ ಕಂಡಿದ್ದ ಅವರಿಗೆ ತಲೆ ಗಿರ್ರೆಂದಿತು. ಪಕ್ಕದ ಕಲ್ಲುಬೆಂಚನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕೂತುಬಿಟ್ಟರು. ಕಣ್ಣು ಮುಚ್ಚಿಕೊಂಡೇ, ಇಲ್ಲಿ ಗಾಳಿ ಚೆನ್ನಾಗಿದೆ, ಊಟದ ಡಬ್ಬಿ ಬಿಚ್ಚಿ ಎಂದರು.

ನಲವತ್ತೆರಡು ಮಂದಿ ಇನ್ನೂರ ಹನ್ನೊಂದರಿಂದ ಕೆಳಕ್ಕೆ ಸಾಲಾಗಿ ಕೂತು ಡಬ್ಬಿ ಬಿಚ್ಚಿದರು. ಟಪಾಲಮ್ಮ ಮಾತ್ರ ತುತ್ತು ಎತ್ತಲಿಲ್ಲ. ತಲೆಯೆತ್ತಿದರೆ ಮಠದ ಬಿಳಿ ಗೋಡೆ ಕಾಣುತ್ತಿತ್ತು, ಬಗ್ಗಿದರೆ ಕೈಗಡಿಯಾರ. ಹನ್ನೆರಡೂ ಕಾಲು.

ನಾಲ್ವರು ಗಟ್ಟಿಗರು ನಿರ್ದೇಶಕರನ್ನು ಹೆಗಲ ಮೇಲೆ ಹೊತ್ತು ಮೂರು ಮೆಟ್ಟಿಲು ಹತ್ತಿದರು. ಹೆಗಲೆಂದರೆ ಇನ್ನೂ ಎತ್ತರವಾದ್ದರಿಂದ ನಿರ್ದೇಶಕರು ಹೆದರಿ ಬಲಗಡೆಯವನ ಕಿವಿ ಹಿಡಿದುಕೊಂಡರು, ಬಿಡಿಸಿಕೊಳ್ಳಲು ಬೆಂಚಿಗೆ ವಾಪಸು ಬರಬೇಕಾಯಿತು. ನಿಯಮಗಳನ್ನೆಲ್ಲ ಬಾಯಿಪಾಠ ಮಾಡಿರುವ, ಅದಕ್ಕಾಗಿಯೇ ನಿಯಮಾವಳಿ ಎಂದು ಕರೆಯಲ್ಪಡುವ ಮೇಲ್ವಿಚಾರಕರು, ಒಂಬತ್ತನೇ ನಿಯಮ ಕರ್ತವ್ಯದಲ್ಲಿರುವವರಿಗಷ್ಟೇ ಆದ್ದರಿಂದ ಟಪಾಲಮ್ಮನಿಗೆ ಅರ್ಧ ದಿನ ರಜೆ ಕೊಡಬಹುದೆಂದರು. ಪತ್ರ ರವಾನಿಸುವವರು ಯಾರೆಂದು ನೆನಪಾಗಿ ಅವರೇ ಆ ಮಾತನ್ನು ಹಿಂತೆಗೆದುಕೊಂಡರು.

ಆಗ, ಸೇವೆಗೆ ಸೇರಿದಂದಿನಿಂದ ದನಿಯೆತ್ತದ ಟಪಾಲಮ್ಮ ಎದ್ದು ನಿಂತರು. ತಲೆ ನಿರ್ದೇಶಕರಿಗಿಂತ ಮೇಲೆ ಹೋಯಿತೆಂದು ಯಾರೋ ಎಚ್ಚರಿಸಿದ ಮೇಲೆ ಕೊಂಚ ಬಗ್ಗಿದರು.

"ಸಾರ್, ನಾನು ಮೇಲೆ ಹೋಗೋ ಹಾಗಿಲ್ಲ. ನಮ್ಮಕ್ಕ ಬಾಗಿಲು ದಾಟೋ ಹಾಗಿಲ್ಲ. ಬಾಗಿಲು ಎಲ್ಲಿದೆ ಅಂತ ಬರೆಯೋರು ಯಾರು?"

"ನಾವೇ," ಎಂದರು ನಿಯಮಾವಳಿ.

"ಹಾಗಾದ್ರೆ ಇಲ್ಲೇ ಇದೆ ಅಂತ ಬರೀರಿ."

ರಿಜಿಸ್ಟರು ತೆರೆಯಲಾಯಿತು. ಮಠದ ಬಾಗಿಲು ಸಾವಿರದ ನೂರ ನಲವತ್ತನೇ ಮೆಟ್ಟಿಲಲ್ಲಿದೆಯೆಂಬ ನಮೂದು ತೊಂಬತ್ತು ವರ್ಷದಿಂದ ತಾತ್ಕಾಲಿಕವಾಗಿಯೇ ಉಳಿದಿತ್ತು, ಯಾವ ನಿರ್ದೇಶಕರೂ ಖುದ್ದಾಗಿ ಬಂದು ಖಚಿತಪಡಿಸಿರಲಿಲ್ಲ. ಬಾಗಿಲು ಇಲ್ಲಿದ್ದರೆ ಶಿಖರವೂ ಇಲ್ಲೇ ಆಗುತ್ತದೆಂದು, ಪದಕಕ್ಕೂ ಅಡ್ಡಿಯಿಲ್ಲವೆಂದು ನಿಯಮಾವಳಿ ವಿವರಿಸಿದರು. ನಿರ್ದೇಶಕರು ಒಂದು ಕಣ್ಣು ತೆರೆದರು. "ಖುದ್ದಾಗಿ ಪರಿಶೀಲಿಸಿದೆ. ಬಾಗಿಲು ಇನ್ನೂರ ಹನ್ನೆರಡನೇ ಮೆಟ್ಟಿಲಿನಲ್ಲಿದೆ. ಅದರಿಂದ ಮೇಲಿರುವುದು ಮಠದ ಅಂಗಳ" ಎಂದು ಬರೆದು ಸಹಿ ಹಾಕಿದರು. ಟಪಾಲಮ್ಮ ಪ್ರತಿಗೆ ಸಂಖ್ಯೆ ಕೊಟ್ಟು, ಮೊಹರು ಒತ್ತಿ, ಮೇಲೆ ಹೋಗುತ್ತಿದ್ದ ಯಾತ್ರಿಕರೊಬ್ಬರ ಕೈಯಲ್ಲಿ ಕಳಿಸಿದರು.

ಎರಡೂವರೆಗೆ ಉತ್ತರ ಬಂತು. "ತಮ್ಮ ಆದೇಶ ತಲುಪಿತು. ನಮ್ಮ ಅಂಗಳ ಇಷ್ಟು ಚಿಕ್ಕದಿರಲಾರದೆಂದು ನಮಗೂ ಅನುಮಾನವಿತ್ತು. ಬೀಗದಕೈ ಕಳಿಸಿದ್ದೇವೆ." ಹಿಂದೆಯೇ ದ್ವಾರ ಕಾಯುವ ಸನ್ಯಾಸಿನಿ ಮೊಳದುದ್ದದ ಬೀಗದಕೈ ಹಿಡಿದು ಇಳಿದು ಬಂದರು. ಇನ್ನೂರ ಹನ್ನೆರಡನೇ ಮೆಟ್ಟಿಲಲ್ಲಿ ನಿಂತು, ಬರಿಗಾಳಿಯಲ್ಲಿ ಅದನ್ನು ಎರಡು ಸುತ್ತು ತಿರುಗಿಸಿ, ಹಳೆಯ ಬಾಗಿಲಾದ್ದರಿಂದ ಭುಜಕೊಟ್ಟು ನೂಕಿದರು. ನಿರ್ದೇಶಕರು ಅಡ್ಡವಾಯಿತೇನೋ ಎಂದು ಏಳಹೋದರು.

"ನೀವು ಕೂತಿರಿ," ಎಂದರು ಸನ್ಯಾಸಿನಿ. "ಈ ಕಡೆಗೊಂದು ಕಂಬ ಬೇಕಿತ್ತು."

ಮೂರೂವರೆಗೆ ಅಕ್ಕ ಬಂದಳು, ಇಬ್ಬರ ತೋಳು ಹಿಡಿದು, ಪ್ರತಿ ಮೆಟ್ಟಿಲನ್ನೂ ಪಾದದಿಂದ ತಡವುತ್ತ. ಬಾಗಿಲ ಹತ್ತಿರ ನಿಂತು ಕೈ ಚಾಚಿದಳು. ಟಪಾಲಮ್ಮ ಕೈ ಹಿಡಿದರು.

"ಕಾಣ್ತೀನಾ?" ಎಂದಷ್ಟೇ ಕೇಳಿದರು.

"ನೀನು ನಿಂತಿರೋದು ಕಾಣುತ್ತೆ. ಮುಖ ಕಾಣಲ್ಲ ಕಣೇ. ಸ್ವಲ್ಪ ತಡ ಆಯ್ತು."

ನಾಲ್ಕಕ್ಕೆ ಸನ್ಯಾಸಿನಿ ಗಾಳಿಗೆ ಬೀಗ ಹಾಕಿಕೊಂಡು ಹೋದರು. ವಾಪಸು ಬರುವಾಗ ಬಸ್ಸಿನಲ್ಲಿ ಶಿಖರ ಮುಟ್ಟಿದ ನಲವತ್ತಮೂರು ಮಂದಿಯಲ್ಲಿ ನಲವತ್ತೆರಡು ಮಂದಿ ಹಾಡಿದರು. ಟಪಾಲಮ್ಮ ಹಾಡಲಿಲ್ಲ. ನಮೂದಾದ ಬಾಗಿಲನ್ನು ಮತ್ತೆ ತಿದ್ದಬಹುದೇ ಎಂದು ನಿಯಮಾವಳಿಯವರನ್ನು ಕೇಳಿದರು. ತಪ್ಪು ಕಂಡುಬಂದಲ್ಲಿ ಧಾರಾಳವಾಗಿ ತಿದ್ದಬಹುದು ಎಂದರು ಅವರು.

ತಪ್ಪು ಮಾರನೆಯ ತಿಂಗಳೇ ಕಂಡುಬಂತು. ಮತ್ತೆ ಬೆಟ್ಟ ಹತ್ತುವ ಮಾತೆತ್ತಿದರೆ ಬೆವರುತ್ತಿದ್ದ ನಿರ್ದೇಶಕರು ತಮ್ಮ ಕೋಣೆಯಲ್ಲೇ ಕೂತು ಪರಿಶೀಲಿಸಿ, ಮಠದ ಬಾಗಿಲು ವಾಸ್ತವವಾಗಿ ಕಚೇರಿಯ ನೆಲಮಹಡಿಯಲ್ಲಿ, ಟಪಾಲು ವಿಭಾಗದ ಬೀದಿಬದಿಯ ಹೊಸ್ತಿಲಲ್ಲಿದೆಯೆಂದು ಸಹಿ ಹಾಕಿದರು. ಬೆಟ್ಟದಿಂದ ಕಚೇರಿಯವರೆಗಿನ ನಲವತ್ತು ಕಿಲೋಮೀಟರು ಅಂಗಳವಾಯಿತು. ಎರಡು ಮಾರುಕಟ್ಟೆ, ಒಂದು ರೈಲು ನಿಲ್ದಾಣ, ಹಿಂದಿನ ಬೀದಿಯ ಕಣ್ಣಿನ ಆಸ್ಪತ್ರೆ ಎಲ್ಲವೂ ಮಠದೊಳಗೆ ಬಂದವು. ಮಠ ತಕರಾರು ಮಾಡಲಿಲ್ಲ, ಇಷ್ಟು ದೊಡ್ಡ ಅಂಗಳ ಗುಡಿಸಲು ಹೆಚ್ಚು ಪೊರಕೆ ಬೇಕಾಗಬಹುದೆಂದಷ್ಟೇ ಬರೆಯಿತು. ಅಕ್ಕ ಬಾಗಿಲು ದಾಟದೆಯೇ ಪೊರೆ ತೆಗೆಸಿಕೊಂಡಳು.

ಮುಂದಿನ ವರ್ಷದ ಬುಧವಾರ ಅವಳು ಕನ್ನಡಕ ಹಾಕಿಕೊಂಡು ಬಂದು ಬಾಗಿಲ ಒಳಗೆ, ಅಂದರೆ ಬೀದಿಯಲ್ಲಿ, ನಿಂತಳು. ಟಪಾಲಮ್ಮ ಬಾಗಿಲ ಹೊರಗೆ, ಅಂದರೆ ತಮ್ಮ ಕುರ್ಚಿಯಲ್ಲಿ, ಕೂತಿದ್ದರು. ಅಕ್ಕ ಬಹಳ ಹೊತ್ತು ನೋಡಿದಳು.

"ಎಷ್ಟು ಮುದುಕಿ ಆಗಿಬಿಟ್ಟಿದೀಯೇ," ಎಂದಳು.

ಇದಕ್ಕಿಂತ ಒಳ್ಳೆಯ ಮಾತನ್ನು ಟಪಾಲಮ್ಮನಿಗೆ ಯಾರೂ ಯಾವತ್ತೂ ಆಡಿರಲಿಲ್ಲ. ಕಾಗದ ಕೊಡಲು ಬೀದಿಯಲ್ಲಿ ಸಾಲು ನಿಂತಿದ್ದವರು, ಮಠದೊಳಗೆ ಗದ್ದಲ ಮಾಡಬಾರದೆಂದು, ಒಬ್ಬರಿಗೊಬ್ಬರು ಬೆರಳಿನಲ್ಲೇ ಸನ್ನೆ ಮಾಡಿಕೊಂಡು ಕಾದರು.