ಫಣೀಂದ್ರರ ಪರಮಶುದ್ಧ ಬಾಗಿಲು

"ಮುಟ್ಟಬೇಡ! ಏಯ್, ಮುಟ್ಟಬೇಡ ಅಂದೆ!"

ಡಾಕ್ಟರ್ ಫಣೀಂದ್ರ ಕೂಗಿದ ರಭಸಕ್ಕೆ ಟೀ ಕೋಣೆಯ ಬಾಗಿಲು ಒರೆಸಹೊರಟಿದ್ದ ಚಿಕ್ಕತಾಯಿಯ ಕೈಯಿಂದ ಬಟ್ಟೆ ಜಾರಿತು. ನಂಜನಗೂಡಿನ ಆಚೆಯ ಆ ಪ್ರಯೋಗಾಲಯದಲ್ಲಿ ಗಾಜಿನ ಸೀಸೆ ತೊಳೆಯುವವಳು ಅವಳು. ಅವಳು ತೊಳೆದ ಸೀಸೆ ಎಲ್ಲರಿಗೂ ಆಗುತ್ತಿತ್ತು. ಅವಳು ಕುಡಿದ ಲೋಟ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಟೀ ಕೋಣೆಯ ಕುರ್ಚಿಗಳು ಖಾಲಿ ಬಿದ್ದಿದ್ದರೂ ಅವಳ ಟೀ ಹೊರಗೆ, ನಲ್ಲಿಕಟ್ಟೆಯ ಪಕ್ಕ, ನಿಂತುಕೊಂಡೇ, ಕಾಗದದ ಲೋಟದಲ್ಲಿ. ಹೋದ ತಿಂಗಳು ಮಂಡಿನೋವು ತಾಳದೆ ಒಳಗೆ ಹೋಗಿ ಒಂದು ಕುರ್ಚಿಯಲ್ಲಿ ಕೂತುಬಿಟ್ಟಿದ್ದಳು. ಅಷ್ಟಕ್ಕೇ ಆ ಕೋಣೆಗೆ ಈ ಹೊಸ ಗಾಜಿನ ಬಾಗಿಲು ಬಂತು!

"ನೋಡಿ ಸಾರ್," ಫಣೀಂದ್ರ ನಿರ್ದೇಶಕ ವಾಮನರಾಯರ ಮುಂದೆ ಎದೆಯುಬ್ಬಿಸಿದ. "ನಮ್ಮ ರಕ್ತದಲ್ಲಿ ಕಾವಲು ಕಣಗಳಿವೆ. ಅವುಗಳ ಮೈಮೇಲಿನ ಗ್ರಾಹಕ ಪ್ರೋಟೀನು ಮುಟ್ಟಿ ನೋಡಿಯೇ ಇದು ನಮ್ಮದು, ಇದು ಹೊರಗಿನದು ಅಂತ ಹೇಳುತ್ತೆ. ಅದರ ಜೀನ್ ತೆಗೆದು, ಬೇರೆ ಜೀವಕೋಶಕ್ಕೆ ತೂರಿಸಿ, ಹಂಡೆಗಟ್ಟಲೆ ಪ್ರೋಟೀನು ಬೆಳೆಸಿ ಈ ಬಾಗಿಲಿಗೆ ಬಳಿದಿದ್ದೀನಿ. ನಮ್ಮವರು ಬಂದರೆ ತೆರೆಯುತ್ತೆ. ಹೊರಗಿನವರು ಬಂದರೆ..."

"ಬಂದರೆ?"

"ಫಿನಾಯಿಲ್ ನೊರೆ!"

ನೆರೆದಿದ್ದ ಡಾಕ್ಟರುಗಳೆಲ್ಲ ಚಪ್ಪಾಳೆ ತಟ್ಟಿದರು. ಚಿಕ್ಕತಾಯಿ ಹಲ್ಲು ಕಚ್ಚಿಕೊಂಡಳು. ಫಣೀಂದ್ರ ಮದುವಣಿಗನ ಹಾಗೆ ಬಾಗಿಲತ್ತ ನಡೆದ.

"ಹೊರಗಿನವನು! ಹೊರಗಿನವನು!" ಬಾಗಿಲು ಅರಚಿತು. ಬುಸ್ಸೆಂದು ನೊರೆ ಹಾರಿತು. ಫಣೀಂದ್ರ ಇಡ್ಲಿಹಿಟ್ಟಿನ ಕೊಳಗಕ್ಕೆ ಬಿದ್ದೆದ್ದವನಂತೆ ನಿಂತ.

"ಅಂಗಿಯಲ್ಲಿ ಏನೋ ದೋಷ ಇದೆ!" ಅಂಗಿ ಬಿಚ್ಚಿ ಹೋದ. ಮತ್ತೆ ನೊರೆ! ವಾಮನರಾಯರು, "ಹಿರಿಯರು ಯಾರು ಅಂತ ಅದಕ್ಕೂ ಗೊತ್ತಾಗುತ್ತೆ, ಸರಿ ಆಚೆ" ಎಂದು ಮುನ್ನುಗ್ಗಿದರು. ಅವರ ಬಾಯಿಗೇ ನೊರೆ ತುಂಬಿತು.

"ಥೂ! ಯಂತ್ರ ತಿರುವುಮುರುವು ಆಗಿದೆ ಕಣಯ್ಯ! ಅವಳನ್ನ ಕಳಿಸು, ಗೊತ್ತಾಗುತ್ತೆ!"

ಚಿಕ್ಕತಾಯಿ ಸೆರಗು ಸಿಕ್ಕಿಸಿ ಹೆಜ್ಜೆಯಿಟ್ಟಳು. ಬಾಗಿಲು ತೆರೆಯಿತು. ಒಳಗಿಂದ ನಾಗಸ್ವರ ಮೊಳಗಿತು! "ನಮ್ಮವರು! ನಮ್ಮವರು! ದಯಮಾಡಿಸಬೇಕು!"

ಅವಳು ಒಳಹೊಕ್ಕಳು. ಬಾಗಿಲು ಮುಚ್ಚಿಕೊಂಡಿತು.

"ಯಾರ ರಕ್ತದಿಂದ ಮಾಡಿದೆಯಯ್ಯಾ ಇದನ್ನ?" ವಾಮನರಾಯರು ಗುಡುಗಿದರು.

"ಅದು... ಇವಳದ್ದೇ ಸಾರ್. ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ಸೀಸೆ ತೊಳೆಯೋರನ್ನೇ ಕರೆಯೋದಲ್ವೇ ನಮ್ಮ ಪದ್ಧತಿ? ಒಂದು ಬನ್ನು, ಒಂದು ಬಾಳೆಹಣ್ಣು ಕೊಟ್ಟರೆ ಆಯ್ತು."

"ನಿನ್ನ ಮೈಯಲ್ಲಿ ರಕ್ತ ಇರಲಿಲ್ಲವೇ?"

"ಸೂಜಿ ಕಂಡರೆ ತಲೆಸುತ್ತು ಸಾರ್! ಆದರೆ ಐದು ಸಲ ಶುದ್ಧಿ ಮಾಡಿದ್ದೆ. ಅವಳದ್ದು ಅನ್ನೋದು ಒಂದು ಚೂರೂ ಉಳಿದಿರಬಾರದಿತ್ತು!"

ಗಾಜಿನಾಚೆಯಿಂದ ಚಿಕ್ಕತಾಯಿಗೆ ಎಲ್ಲವೂ ಕೇಳಿಸಿತು. ಸೂಜಿ ಚುಚ್ಚಿದ್ದ ತೋಳು ಮತ್ತೆ ಉರಿದಂತಾಯಿತು.

"ಅಲ್ಲಾ ಕಣ್ರಯ್ಯಾ, ನನ್ ರಕ್ತ ವಳಿಕ್ ಬರ್ಬೋದು, ನಾನ್ ಬರ್ಬಾರ್ದಾ? ಅದ್ಯಾವ ಶುದ್ಧಿರೋ ನಿಮ್ದು! ತೊಳೆದ್ರೆ ಸೀಸೆ ಶುದ್ಧಾಯ್ತದೆ, ನೀವು ಆಗಾಕಿಲ್ಲ!"

"ಚಿಕ್ಕತಾಯಮ್ಮನವರೇ," ವಾಮನರಾಯರ ಬಾಯಲ್ಲಿ ಮೊದಲ ಸಲ ಬಹುವಚನ ಬಂತು. "ಗೋಡೆ ಮೇಲೆ ಬಾಗಿಲಿನ ಯಂತ್ರ ನಿಲ್ಲಿಸೋ ಕೆಂಪು ಗುಂಡಿ ಇದೆ. ಒಂಚೂರು ಒತ್ತಿಬಿಡಿ."

ಅಷ್ಟರಲ್ಲಿ ಬಾಗಿಲು ತನ್ನ ಕೊನೆಯ ಕರಾಮತ್ತು ತೋರಿಸಿತು. ಕಾವಲು ಕಣಗಳಿಗೆ ನೆನಪಿನ ಶಕ್ತಿ ಇರುತ್ತದಂತೆ. ಒಮ್ಮೆ ಕಂಡ ಪರಕೀಯರನ್ನು ಅವು ಮರೆಯುವುದಿಲ್ಲ. ದೂರ ನಿಂತವರನ್ನೂ ಅಟ್ಟಿಸಿಕೊಂಡು ನೊರೆ ಹಾರಿತು. ಡಾಕ್ಟರುಗಳೆಲ್ಲ ಓಡಿ ಓಡಿ, ಕೊನೆಗೆ ನೊರೆ ತಲುಪದ ಒಂದೇ ಜಾಗದಲ್ಲಿ ಗುಂಪಾದರು. ನಲ್ಲಿಕಟ್ಟೆಯ ಪಕ್ಕ!

"ಹೊಸ ಪ್ರೋಟೀನು ಮಾಡೋಣ ಸಾರ್, ನಮ್ಮವರದ್ದೇ ರಕ್ತದಿಂದ!" ಎಂದು ಫಣೀಂದ್ರ ಸೂಜಿ ತಂದ. ಸುತ್ತ ನೋಡಿದ. ಎಲ್ಲರೂ ತೋಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಿದ್ದರು. ಆಮೇಲೆ ಎಲ್ಲರ ಕಣ್ಣೂ ನಿಧಾನವಾಗಿ ಗಾಜಿನ ಕಡೆ ತಿರುಗಿತು.

"ಬನ್ನು ಕೊಡ್ತೀವಮ್ಮ..." ಫಣೀಂದ್ರ ಶುರುಮಾಡಿದ.

"ನಿಮ್ ಬನ್ ನೀವೇ ತಿನ್ರಿ! ನೊರೆ ನೆಂಚ್ಕಂಡು!"

ಚಿಕ್ಕತಾಯಿ ನಿರ್ದೇಶಕರ ಕುರ್ಚಿ ಎಳೆದು ಕೂತಳು. ಮಂಡಿ ನೀವಿಕೊಂಡಳು. ಫ್ಲಾಸ್ಕಿನಿಂದ ಸ್ಟೀಲ್ ಲೋಟಕ್ಕೆ ಟೀ ಬಗ್ಗಿಸಿಕೊಂಡಳು.

"ಗುಂಡಿ ಒತ್ತೇ ತಾಯಿ!" ನಲ್ಲಿಕಟ್ಟೆಯಿಂದ ವಾಮನರಾಯರು ಮೊರೆಯಿಟ್ಟರು.

"ಒತ್ತೀನಿ. ಟೀ ಮುಗೀಲಿ."

ಫ್ಲಾಸ್ಕು ಇಡೀ ಪ್ರಯೋಗಾಲಯಕ್ಕೆ ಸಾಕಾಗುವಷ್ಟು ದೊಡ್ಡದಿತ್ತು.