ತಾನೇ ಬಂದು ಕೂರುತ್ತಿದ್ದ ‘ಆ್ಯಂಡ್ ಬ್ರದರ್ಸ್’

ಕಂಪ್ಯೂಟರ್ ರಿಪೇರಿ ಮಾಡುವವನಿಗೆ ಇಂಥ ಪ್ರಸಂಗಗಳಿಗೆ ಬರವಿಲ್ಲ. ಹೆಚ್ಚಿನವನ್ನು ನಕ್ಕು ಮರೆಯುತ್ತೇನೆ. ಹುಬ್ಬಳ್ಳಿಯ ಒಂದು ಮೆಣಸಿನಕಾಯಿ ಅಂಗಡಿಯದು ಮಾತ್ರ ನಕ್ಕರೂ ಮರೆಯಲಾಗುತ್ತಿಲ್ಲ. ಅಂಗಡಿ ಇಬ್ಬರು ಅಣ್ಣತಮ್ಮಂದಿರದು. ಅವರ ತಕರಾರು ಇ-ಮೇಲ್ ಸಿಗ್ನೇಚರಿನದು, ಅಂದರೆ ಬರೆದದ್ದರ ಕೊನೆಗೆ ತಾನಾಗಿ ಅಂಟಿಕೊಳ್ಳುವ ಹೆಸರು, ಅಂಗಡಿ, ಫೋನ್ ನಂಬರು.

ದೇವರು ಕೆಳಗೆ

ಅವರ ಅಂಗಡಿಯ ಕಾಗದದ ನೆತ್ತಿಯ ಮೇಲೆ ದೇವರ ಹೆಸರಿತ್ತು. ಅದನ್ನೂ ಸೇರಿಸಿ ಸಿಗ್ನೇಚರ್ ಮಾಡಿಕೊಟ್ಟೆ. ಅಣ್ಣ ಕನ್ನಡಕ ಏರಿಸಿ ನೋಡಿ ಹೌಹಾರಿ, ನನ್ನನ್ನು ತರಾಟೆಗೆ ತೆಗೆದುಕೊಂಡರು.

“ಏ ತಮ್ಮಾ, ಬಸವಣ್ಣನ್ನ ಒಯ್ದು ಕಾಲಬುಡಕ ಇಟ್ಟೀಯಲ್ಲೊ!”

“ಸಾವಕಾರ್ರ, ಸಿಗ್ನೇಚರ್ ಬರೂದ ಕೆಳಗರಿ” ಎಂದೆ.

ಅವರು ಬಹಳ ಹೊತ್ತು ಯೋಚಿಸಿದರು. “ಹಂಗಾರ ನಾ ಮ್ಯಾಲೆ ಒಂದ ಸಾಲಷ್ಟ ಬರೀತೇನಿ. ದೇವರು ಭಾಳ ಕೆಳಗ ಇಳೀಬಾರ್ದು.”

ಗೋಡೆ

ಮುಂದೆ ಇಬ್ಬರೂ ಬೇರೆಯಾದರು. ಮಾತೂ ಬಿಟ್ಟರು. ಅಂಗಡಿಯ ನಡುವೆ ಗೋಡೆ ಎದ್ದಿತು. ಹಿಂದಿನ ಗೋದಾಮು ಮಾತ್ರ ಪಾಲಾಗದೆ ಉಳಿಯಿತು. ಇಬ್ಬರ ಇ-ಮೇಲ್ ಸಿಗ್ನೇಚರಿನಿಂದಲೂ ಅಂಗಡಿಯ ಹೆಸರಿನ ಬಾಲಕ್ಕಿದ್ದ ‘ಆ್ಯಂಡ್ ಬ್ರದರ್ಸ್’ ತೆಗೆದು, ಅವರವರ ನಂಬರನ್ನಷ್ಟೇ ಹಾಕಿಕೊಟ್ಟೆ. ತೆಗೆಯುವಾಗ ನನಗೇ ಕಸಿವಿಸಿಯಾಯಿತು.

ಮರುದಿನ ನೋಡಿದರೆ ಎರಡೂ ಕಡೆ ಮತ್ತೆ ಹಳೆಯದೇ, ಇಬ್ಬರ ನಂಬರಿನ ಸಮೇತ. ಅಣ್ಣ “ಇದು ಅಂವಂದ ಕಿತಾಪತಿ” ಅಂದರು. ಗೋಡೆಯಾಚೆ ತಮ್ಮ “ಅಣ್ಣಂದ ಕೆಲಸರಿ ಇದು” ಅಂದರು. ಮತ್ತೆ ತೆಗೆದೆ, ಮತ್ತೆ ಬಂತು.

“ಗೋಡಿ ಇನ್ನಷ್ಟು ದಪ್ಪ ಕಟ್ಟಸಬೇಕಿತ್ತೇನ್ರಿ?” ಎಂದು ತಮ್ಮ ನನ್ನನ್ನೇ ಕೇಳಿದರು.

ಮೊಣಕಾಲು

ಇಬ್ಬರ ನಂಬರೂ ಇದ್ದ ಮೇಲೆ ಗಿರಾಕಿಗಳಿಗೆ ಗೊಂದಲ. ಅಣ್ಣನಿಗೆ ಮಾಡಬೇಕಾದ ಫೋನು ತಮ್ಮನಿಗೆ ಹೋಗುತ್ತಿತ್ತು, ತಮ್ಮನದು ಅಣ್ಣನಿಗೆ. ಸುದ್ದಿ ದಾಟಿಸಲಾದರೂ ಅವರು ಮಾತಾಡಲೇಬೇಕಾಯಿತು. ಒಮ್ಮೆ ನಾನು ಅಣ್ಣನ ಕಡೆ ಕೂತಿದ್ದಾಗ ತಮ್ಮನ ಫೋನು ಬಂತು. ಅಣ್ಣ ಸ್ಪೀಕರ್ ಹಾಕಿದರು.

“ನಿನ್ನ ಗಿರಾಕಿ ನನಗ ಫೋನ್ ಹಚ್ಚಿದ್ದ. ಮಾಲು ಯಾವಾಗಂತ ಕೇಳಿದ.”

“ನಾಳಿಗೆ ಅಂತ ಹೇಳು.”

“ಮೊಣಕಾಲು ಹ್ಯಾಂಗೈತಿ?”

“ಅದನ್ನೂ ಗಿರಾಕಿನ ಕೇಳಿದ್ನೇನು?”

“ಹೂಂ, ಅಂವನ ಕೇಳಿದ.”

ರಿಪೇರಿ

ಕಡೆಗೂ ಕಾರಣ ಸಿಕ್ಕಿತು. ಗೋದಾಮಿನ ಹಳೆಯ ಕಂಪ್ಯೂಟರಿನಲ್ಲಿ ಎರಡೂ ಖಾತೆ ತೆರೆದೇ ಇದ್ದವು. ಬೆಳಿಗ್ಗೆ ಅದನ್ನು ಚಾಲೂ ಮಾಡಿದೊಡನೆ ಅದು ತನ್ನಲ್ಲಿದ್ದ ಹಳೆಯ ಸಿಗ್ನೇಚರನ್ನು ಇಬ್ಬರಿಗೂ ಹಂಚಿಬಿಡುತ್ತಿತ್ತು. ಆ ಕಂಪ್ಯೂಟರಿನಿಂದ ಎರಡೂ ಖಾತೆ ಅಳಿಸಿ ಹಾಕಿದೆ. ‘ಆ್ಯಂಡ್ ಬ್ರದರ್ಸ್’ ಮತ್ತೆ ಬರಲಿಲ್ಲ. ತಪ್ಪು ಫೋನುಗಳೂ ನಿಂತವು.

ಕೆಲವು ದಿನಗಳಾದ ಮೇಲೆ ಅಣ್ಣ ನನಗೆ ಫೋನ್ ಮಾಡಿದರು. “ತಮ್ಮಾ, ಆ ಬ್ರದರ್ಸ್ ಮತ್ತ ಬರೂ ಹಂಗ ಮಾಡಾಕ ಬರ್ತೈತೇನು?”

“ನೀವ ಬರದು ಹಾಕ್ರಿ, ಸಾವಕಾರ್ರ.”

“ನಾ ಬರದ್ರ ನಾ ಸೋತಂಗಲ್ಲೊ! ಅದು ತಾನ ಬರಬೇಕು. ಅಂವಗ ಹೇಳಬ್ಯಾಡ ಮತ್ತ.”

ಗೋದಾಮಿಗೆ ಓಡಿದೆ. ಅಲ್ಲಿ ಹಳೆಯ ಕಂಪ್ಯೂಟರಿನ ಮುಂದೆ ತಮ್ಮ ಕುಳಿತು, ಅದನ್ನು ಬಂದ್ ಮಾಡಿ ಚಾಲೂ ಮಾಡಿ, ಮತ್ತೆ ಬಂದ್ ಮಾಡುತ್ತಿದ್ದರು. ನನ್ನನ್ನು ಕಂಡು ನಾಚಿಕೊಂಡರು.

“ಯಾಕ್ರಿ, ಈಗ ಬರವಲ್ಲದು?”

ಅಳಿಸಿಬಿಟ್ಟಿದ್ದೇನೆ, ಇನ್ನು ತಾನಾಗಿ ಬರುವುದಿಲ್ಲ ಎಂದೆ. ಆಮೇಲೆ ನಾನೇ ಕೇಳಿದೆ: “ನಾನ ಬರದು ಹಾಕ್ಲೇನ್ರಿ?”

“ಬ್ಯಾಡ. ನಾನ ಹಾಕಿಸೇನಿ ಅಂತ ಅಣ್ಣಗ ತಿಳೀತೈತಿ.”

ಅಣ್ಣ ಫೋನ್ ಮಾಡಿದ್ದನ್ನು ಹೇಳಲು ಬಾಯಿ ತೆರೆದವನು, ‘ಅಂವಗ ಹೇಳಬ್ಯಾಡ’ ಅಂದದ್ದು ನೆನಪಾಗಿ ಮುಚ್ಚಿದೆ. ಅವರು ಹೆಗಲ ಟವೆಲಿನಿಂದ ಪರದೆಯ ಧೂಳು ಒರೆಸಿ ಎದ್ದರು.

“ಅಷ್ಟು ಛಲೋ ರಿಪೇರಿ ಮಾಡ್ರಿ ಅಂತ ನಿಮಗ ಯಾರು ಹೇಳಿದ್ರು?”